ಗಾಯ ಅದೇ, ಸರ್ಕಾರ ಬೇರೆ: ಇಂಗ್ಲೆಂಡಿನ ಅಂತರ್ಯುದ್ಧದ ಸಿಪಾಯಿಗಳು ಪಿಂಚಣಿ ಕೇಳಿದ ಕತೆ

ಹಳೆಯ ಕಾಗದ. ಕಂದು ಬಣ್ಣಕ್ಕೆ ತಿರುಗಿದ ಶಾಯಿ. ಗುಮಾಸ್ತನ ಓರಣವಾದ ಬರವಣಿಗೆ, ಅಲ್ಲಲ್ಲಿ ಸುರುಳಿ ಸುತ್ತಿದ ದೊಡ್ಡ ಅಕ್ಷರ. ಅರ್ಜಿ ಕೊಟ್ಟವನಿಗೆ ಓದು ಬರಹ ಬಾರದಿದ್ದರೆ ಕೆಳಗೆ ಸಹಿ ಇರುವುದಿಲ್ಲ. ಎಳೆದೂ ಎಳೆಯದ ಹಾಗೆ ಒಂದು ಗುರುತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಗ್ಲೆಂಡಿನ ಜಿಲ್ಲಾ ದಫ್ತರಗಳಲ್ಲಿ ಇಂಥ ಅರ್ಜಿಗಳು ರಾಶಿ ರಾಶಿ ಉಳಿದಿವೆ.

ಶುರುವಾಗುವ ರೀತಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ನಮ್ಮ ಹಿರಿಯರು ‘ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಅಂತ ಬರೆಸುತ್ತಿದ್ದರಲ್ಲ, ಹಾಗೆ. ಬಡ ಅರ್ಜಿದಾರ ಇಂಥವನು, ಇಂಥ ಊರಿನವನು, ಇಂಥ ಕ್ಯಾಪ್ಟನ್ ಕೈಕೆಳಗೆ ಇದ್ದವನು. ಇಂಥ ಕದನದಲ್ಲಿ ಗುಂಡು ತಗುಲಿತು. ಮೊದಲಿನ ಹಾಗೆ ದುಡಿದು ಹೆಂಡತಿ ಮಕ್ಕಳನ್ನು ಸಾಕಲು ಈಗ ಆಗುತ್ತಿಲ್ಲ. ಏನಾದರೂ ಪರಿಹಾರ ಕೊಡಿಸಬೇಕು. ಕೊಡಿಸಿದರೆ ತಮಗಾಗಿ ಸದಾ ದೇವರಲ್ಲಿ ಬೇಡಿಕೊಳ್ಳುತ್ತೇನೆ.

ಇವು 17ನೇ ಶತಮಾನದ ಗಾಯಾಳು ಸಿಪಾಯಿಗಳ ಅರ್ಜಿಗಳು. ನಾನು ಇವನ್ನು ಓದಲು ಶುರು ಮಾಡಿದ್ದು ಯುದ್ಧದ ಬಗ್ಗೆ ತಿಳಿದುಕೊಳ್ಳೋಣ ಅಂತ. ಓದುತ್ತಾ ಹೋದಂತೆ ಯುದ್ಧ ಹಿಂದೆ ಸರಿದು ಒಂದು ಪ್ರಶ್ನೆ ಮುಂದೆ ಬಂತು. ಯುದ್ಧ ಮುಗಿದ ಮೇಲೆ ಮುರಿದ ಕಾಲಿನ ಖರ್ಚು ಯಾರದು? ಹೊರಗಿನ ಶತ್ರುವಿನ ಜೊತೆ ಹೋರಾಡಿ ಬಂದವನಿಗೆ ಊರೆಲ್ಲ ಒಂದಾಗಿ ಕೊಡಬಹುದು. ಒಂದೇ ಊರಿನವರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಮೇಲೆ ಯಾರ ಗಾಯಕ್ಕೆ ಯಾರು ಕೊಡಬೇಕು?

ಮೊದಲು ಯುದ್ಧದ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ತೆರಿಗೆ, ಧರ್ಮ, ಸೈನ್ಯದ ಹಿಡಿತ, ಹೀಗೆ ಹಲವು ವಿಷಯಕ್ಕೆ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಜಗಳ ಬೆಳೆಯಿತು. 1642ರ ಆಗಸ್ಟ್‌ನಲ್ಲಿ ರಾಜ ನಾಟಿಂಗ್‌ಹ್ಯಾಮ್‌ನಲ್ಲಿ ಬಾವುಟ ಏರಿಸಿದ. ಅಕ್ಟೋಬರ್ 23ರಂದು ಎಜ್‌ಹಿಲ್‌ನಲ್ಲಿ ಮೊದಲ ದೊಡ್ಡ ಕದನ. 1644ರಲ್ಲಿ ಮಾರ್ಸ್ಟನ್ ಮೂರ್, 1645ರ ಜೂನ್ 14ರಂದು ನೇಸ್‌ಬಿ. ನೇಸ್‌ಬಿಯಲ್ಲಿ ರಾಜನ ಮುಖ್ಯ ಸೈನ್ಯ ಮುರಿದುಹೋಯಿತು. 1649ರ ಜನವರಿ 30ರಂದು ರಾಜನ ತಲೆಯನ್ನೇ ಕಡಿದರು. 1651ರಲ್ಲಿ ವುಸ್ಟರ್ ಕದನದೊಂದಿಗೆ ಹೋರಾಟ ಮುಗಿಯಿತು. ಇತಿಹಾಸಕಾರರ ಒಂದು ಅಂದಾಜಿನಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಡೆದಾಟದಲ್ಲೇ ಸತ್ತವರು ಸುಮಾರು 85 ಸಾವಿರ. ಸೈನ್ಯದ ಜೊತೆ ಬಂದ ಜ್ವರ, ಭೇದಿಗಳಿಂದ ಸತ್ತವರು ಇನ್ನೂ ಒಂದು ಲಕ್ಷದಷ್ಟು. ಆಗ ಅಲ್ಲಿನ ಜನಸಂಖ್ಯೆ ಸುಮಾರು 50 ಲಕ್ಷ. ಬದುಕಿ ಉಳಿದು, ಊನವಾಗಿ ಮನೆಗೆ ಬಂದವರು ಈ ಲೆಕ್ಕದಲ್ಲಿ ಸೇರಿಲ್ಲ.

ಆ ಗಾಯ ಎಂಥದ್ದು ಅನ್ನುವುದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಆಗಿನ ಮಸ್ಕೆಟ್ ಕೋವಿಯ ಗುಂಡು ಸೀಸದ ಗೋಲಿ. ಒಂದು ಪೌಂಡ್ ಸೀಸದಲ್ಲಿ 12ರಿಂದ 14 ಗುಂಡು ಎರಕ ಹೊಯ್ಯುತ್ತಿದ್ದರು. ಅಂದರೆ ಒಂದೊಂದೂ 30 ಗ್ರಾಂಗಿಂತ ಜಾಸ್ತಿ ತೂಕ. ಅದು ಎಲುಬಿಗೆ ತಗುಲಿದರೆ ತೂತು ಮಾಡಿ ಆಚೆ ಹೋಗುವುದಿಲ್ಲ, ಎಲುಬನ್ನು ಪುಡಿ ಮಾಡುತ್ತದೆ. ಜೊತೆಗೆ ಅಂಗಿಯ ಚೂರು, ಕೊಳೆ, ಮಸಿ ಎಲ್ಲವನ್ನೂ ಒಳಗೆ ಎಳೆದುಕೊಂಡು ಹೋಗುತ್ತದೆ. ನಂಜು ಹತ್ತುವುದು ಅಲ್ಲಿಂದಲೇ. ನೋವು ತಿಳಿಯದ ಹಾಗೆ ಮಾಡುವ ಔಷಧ ಆಗ ಇಲ್ಲ. ರಾಜನ ಕಡೆ ಕೆಲಸ ಮಾಡಿದ ರಿಚರ್ಡ್ ವೈಸ್‌ಮನ್ ಎಂಬ ಶಸ್ತ್ರವೈದ್ಯ ತನ್ನ ಅನುಭವವನ್ನೆಲ್ಲ ಬರೆದಿಟ್ಟಿದ್ದಾನೆ. ಕೈಕಾಲು ತೆಗೆಯಲೇಬೇಕು ಅಂತಾದರೆ ತಡ ಮಾಡಬೇಡಿ, ಕದನದ ಬಿಸಿ ಮೈಯಲ್ಲಿ ಇರುವಾಗಲೇ ತೆಗೆದುಬಿಡಿ ಅನ್ನುವುದು ಅವನ ಸಲಹೆ. ಬಿಸಿ ಆರಿದ ಮೇಲೆ ನೋವು ತಡೆಯಲು ಆಗುವುದಿಲ್ಲ.

ಎಜ್‌ಹಿಲ್‌ನಲ್ಲಿ ಸರ್ ಜರ್ವೇಸ್ ಸ್ಕ್ರೋಪ್ ಎಂಬ ರಾಜನ ಕಡೆಯ ಹಿರಿಯನಿಗೆ 16 ಗಾಯಗಳಾಗಿದ್ದವು. ಸತ್ತಿದ್ದಾನೆ ಅಂತ ಯಾರೋ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಹೆಣಗಳ ನಡುವೆ ಬಿದ್ದಿದ್ದ ತಂದೆಯನ್ನು ಮಗ ಹುಡುಕಿಕೊಂಡು ಬಂದು ಎತ್ತಿದ. ರಾತ್ರಿಯ ಕೊರೆಯುವ ಚಳಿಗೆ ರಕ್ತ ಹೆಪ್ಪುಗಟ್ಟಿದ್ದೇ ಅವನನ್ನು ಉಳಿಸಿತು ಅಂತ ಆಗಿನವರು ಮಾತಾಡಿಕೊಂಡರು. ಅವನು ಜಮೀನುದಾರ. ನೋಡಿಕೊಳ್ಳಲು ಮನೆಯಿತ್ತು, ಆಳುಕಾಳು ಇದ್ದರು. ಬರೀ ರಟ್ಟೆ ನಂಬಿ ಬದುಕುವ ನೇಕಾರನಿಗೆ, ಹೊಲದ ಕೂಲಿಯವನಿಗೆ ಅದೇ ಗಾಯ ಆದರೆ ಏನು ಗತಿ?

ಅವನಿಗೆ ಹೋಗಲು ಒಂದು ಜಾಗ ಇತ್ತು. ಇದು ನನಗೆ ಮೊದಲು ಓದಿದಾಗ ಆಶ್ಚರ್ಯ ತಂದ ಸಂಗತಿ. ಯುದ್ಧಕ್ಕೆ 50 ವರ್ಷ ಮುಂಚೆಯೇ, ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1593ರಲ್ಲಿ ಗಾಯಾಳು ಸಿಪಾಯಿಗಳಿಗಾಗಿ ಒಂದು ಕಾಯಿದೆ ಬಂದಿತ್ತು. 1601ರಲ್ಲಿ ಅದನ್ನು ತಿದ್ದಿ ಗಟ್ಟಿ ಮಾಡಿದರು. ಅದಕ್ಕೂ ಮುಂಚೆ ಕೈಕಾಲು ಕಳಕೊಂಡ ಸಿಪಾಯಿಗೆ ಉಳಿದಿದ್ದು ದಾನಧರ್ಮ, ಇಲ್ಲವೇ ಭಿಕ್ಷೆ. ಈ ಕಾಯಿದೆ ಬಂದ ಮೇಲೆ ಅವನು ಪಿಂಚಣಿ ಕೇಳಬಹುದಾಯಿತು.

ಅದು ಕೆಲಸ ಮಾಡುತ್ತಿದ್ದ ರೀತಿ ನೋಡಿ. ಇಂಗ್ಲೆಂಡಿನ ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರು. ಪ್ರತಿ ಪ್ಯಾರಿಷ್ ವಾರಕ್ಕೆ ಇಷ್ಟು ಪೆನ್ಸ್ ಅಂತ ಕೌಂಟಿಗೆ ಕಟ್ಟಬೇಕು. 1601ರ ಕಾಯಿದೆಯಂತೆ ಕಡಿಮೆ ಅಂದರೆ 2 ಪೆನ್ಸ್, ಹೆಚ್ಚು ಅಂದರೆ 10. ಆ ಹಣ ನೋಡಿಕೊಳ್ಳಲು ಕೌಂಟಿಗೆ ಖಜಾಂಚಿಗಳು. ಯಾರಿಗೆ ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುವವರು ಜಸ್ಟಿಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳು. ಇವರು ಸಂಬಳಕ್ಕೆ ಇದ್ದವರಲ್ಲ, ಆ ಕೌಂಟಿಯ ಜಮೀನುದಾರರೇ. ವರ್ಷಕ್ಕೆ ನಾಲ್ಕು ಸಲ ಇವರೆಲ್ಲ ಒಂದು ಕಡೆ ಸೇರಿ ಕೋರ್ಟು ನಡೆಸುತ್ತಿದ್ದರು. ಅದರ ಹೆಸರು ಕ್ವಾರ್ಟರ್ ಸೆಷನ್ಸ್. ಕಳ್ಳತನದ ಕೇಸು, ಸೇತುವೆ ರಿಪೇರಿ, ಸಾರಾಯಿ ಅಂಗಡಿ ಲೈಸೆನ್ಸು ಇವುಗಳ ನಡುವೆ ಗಾಯಾಳು ಸಿಪಾಯಿಯ ಅರ್ಜಿಯೂ ಬರುತ್ತಿತ್ತು.

ಈಗ ದುಡ್ಡಿನ ಲೆಕ್ಕ. 12 ಪೆನ್ಸ್ ಸೇರಿದರೆ ಒಂದು ಷಿಲಿಂಗ್, 20 ಷಿಲಿಂಗ್ ಸೇರಿದರೆ ಒಂದು ಪೌಂಡ್. ನಮ್ಮ ಅಜ್ಜಂದಿರ ಕಾಸು, ಆಣೆ, ರೂಪಾಯಿ ಲೆಕ್ಕದ ಜಾತಿಯದೇ. ಕಾಯಿದೆಯ ಪ್ರಕಾರ ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ 10 ಪೌಂಡ್ ತನಕ ಕೊಡಬಹುದು. ಲೆಫ್ಟಿನೆಂಟ್‌ಗೆ 20 ಪೌಂಡ್ ತನಕ. ಕೇಳಲು ಚೆನ್ನಾಗಿದೆ, ಅಲ್ವಾ? ಪಾರ್ಲಿಮೆಂಟಿನ ಹೊಸ ಸೈನ್ಯದಲ್ಲಿ ಕಾಲಾಳುವಿನ ದಿನದ ಸಂಬಳ 8 ಪೆನ್ಸ್. ಆ ಲೆಕ್ಕದಲ್ಲಿ 10 ಪೌಂಡ್ ಅಂದರೆ 300 ದಿನದ ಸಂಬಳ. ಆದರೆ ನಿಜವಾಗಿ ಕೈಗೆ ಬರುತ್ತಿದ್ದದ್ದು ಸಾಮಾನ್ಯವಾಗಿ 2 ಪೌಂಡ್ ಆಸುಪಾಸು. 4 ಪೌಂಡ್ ಸಿಕ್ಕವನು ಪುಣ್ಯವಂತ. 2 ಪೌಂಡ್ ಅಂದರೆ 480 ಪೆನ್ಸ್, 60 ದಿನದ ಸಂಬಳ. ಉಳಿದ 305 ದಿನ?

ನ್ಯಾಯಾಧಿಕಾರಿಗಳು ಕಲ್ಲೆದೆಯವರು ಅಂತ ಬೈದುಬಿಡುವುದು ಸುಲಭ. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. ವಾರಕ್ಕೆ 10 ಪೆನ್ಸ್ ಕಟ್ಟುವ, ಅಂದರೆ ಅತಿ ಹೆಚ್ಚು ಕಟ್ಟುವ ಪ್ಯಾರಿಷ್‌ನಿಂದ ವರ್ಷಕ್ಕೆ ಬರುವುದು 520 ಪೆನ್ಸ್. ಎರಡು ಪೌಂಡ್ ಚಿಲ್ಲರೆ. ಅಂದರೆ ಇಡೀ ಊರು ವರ್ಷಪೂರ್ತಿ ಕಟ್ಟಿದ್ದು ಒಬ್ಬನೇ ಒಬ್ಬ ಸಿಪಾಯಿಗೆ ಸಾಕು! ಕಡಿಮೆ ಕಟ್ಟುವ ಊರಾದರೆ ಒಬ್ಬನಿಗೂ ಸಾಲದು, ವರ್ಷಕ್ಕೆ 9 ಷಿಲಿಂಗ್ ಕೂಡ ಆಗುವುದಿಲ್ಲ. ಆ ಕಾಯಿದೆ ಮಾಡಿದಾಗ ಕಣ್ಣ ಮುಂದೆ ಇದ್ದದ್ದು ಹೊರದೇಶಕ್ಕೆ ಹೋಗಿ ಗಾಯಗೊಂಡು ಬರುವ ಕೆಲವೇ ಜನ. ಯುದ್ಧವೇ ಮನೆ ಬಾಗಿಲಿಗೆ ಬಂದು, ಊರೂರಿನಿಂದ ಹತ್ತಾರು ಜನ ಊನವಾಗಿ ನಿಂತಾಗ ಆ ಪೆಟ್ಟಿಗೆಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

ಪಾರ್ಲಿಮೆಂಟಿಗೆ ಈ ಚಿಂತೆ ಬೇಗನೆ ತಟ್ಟಿತು. ಎಜ್‌ಹಿಲ್ ಕದನ ನಡೆದ ಆ ಅಕ್ಟೋಬರ್ ತಿಂಗಳು ಮುಗಿಯುವ ಮುಂಚೆಯೇ ಅದು ಒಂದು ಮಾತು ಕೊಟ್ಟಿತು. ನಮಗಾಗಿ ಹೋರಾಡಿ ಊನವಾದವರನ್ನು ನಾವು ನೋಡಿಕೊಳ್ಳುತ್ತೇವೆ, ಸತ್ತವರ ಹೆಂಡತಿ ಮಕ್ಕಳನ್ನೂ ನೋಡಿಕೊಳ್ಳುತ್ತೇವೆ. ಈ ಎರಡನೆಯ ಭಾಗವನ್ನು ಗಮನಿಸಿ. ಎಲಿಜಬೆತ್ ಕಾಲದ ಕಾಯಿದೆಯಲ್ಲಿ ವಿಧವೆಯರ ಮಾತೇ ಇರಲಿಲ್ಲ. ಸಿಪಾಯಿಯ ಹೆಂಡತಿಯ ಹೊಟ್ಟೆಪಾಡೂ ಸರ್ಕಾರದ ಹೊಣೆ ಅಂತ ಇಂಗ್ಲೆಂಡಿನಲ್ಲಿ ಒಪ್ಪಿಕೊಂಡದ್ದು ಇದೇ ಮೊದಲು. ಸುಮ್ನೆ ಕರುಣೆಯಿಂದ ಆಡಿದ ಮಾತಲ್ಲ ಇದು. ಸತ್ತರೆ ಮನೆಯವರ ಗತಿ ಏನು ಅಂತ ಹೆದರುವವನು ಸೈನ್ಯಕ್ಕೆ ಬರುತ್ತಾನೆಯೇ? ಆದರೂ ಕೊಟ್ಟ ಮಾತನ್ನು ತಕ್ಕಮಟ್ಟಿಗೆ ಉಳಿಸಿಕೊಂಡರು. ಲಂಡನ್ನಿನ ಸವೋಯ್ ಮತ್ತು ಈಲಿ ಹೌಸ್ ಎಂಬ ಎರಡು ದೊಡ್ಡ ಕಟ್ಟಡಗಳನ್ನು ಸಿಪಾಯಿಗಳ ಆಸ್ಪತ್ರೆ ಮಾಡಿದರು. ದಾದಿಯರ ಕೆಲಸಕ್ಕೆ ಸಿಪಾಯಿಗಳ ವಿಧವೆಯರಿಗೇ ಮೊದಲ ಅವಕಾಶ. ಮೈಕೈ ಹಿಡಿದುಕೊಂಡವರನ್ನು ಬಿಸಿನೀರಿನ ಬುಗ್ಗೆಗಳಿರುವ ಬಾತ್ ಊರಿಗೆ ಕಳಿಸಿದ್ದೂ ಉಂಟು.

ಲಂಡನ್ನಿನಿಂದ ದೂರ ಇದ್ದವರಿಗೆ ಮತ್ತೆ ಕೌಂಟಿಯೇ ಗತಿ. 1647ರಲ್ಲಿ ಪಾರ್ಲಿಮೆಂಟ್ ಹೊಸ ಆಜ್ಞೆ ಹೊರಡಿಸಿ, ಗಾಯಾಳುಗಳು, ವಿಧವೆಯರು, ತಬ್ಬಲಿ ಮಕ್ಕಳು ಇವರ ಹೊಣೆಯನ್ನು ನ್ಯಾಯಾಧಿಕಾರಿಗಳ ಮೇಲೆ ಹೊರಿಸಿತು. ಅರ್ಜಿಗಳು ರಾಶಿ ಬೀಳುವುದು ಇಲ್ಲಿಂದ.

ಅರ್ಜಿ ಗೆಲ್ಲಬೇಕಾದರೆ ಏನೇನು ಬೇಕು? ಗಾಯ ಆಗಿದೆ ಅಂತ ತೋರಿಸಬೇಕು. ಆ ಗಾಯ ಸರಿಯಾದ ಕಡೆ ಹೋರಾಡುವಾಗ ಆದದ್ದು ಅಂತ ತೋರಿಸಬೇಕು. ಗಾಯದಿಂದಲೇ ಈಗ ಬಡತನ ಬಂದಿದೆ ಅಂತಲೂ ತೋರಿಸಬೇಕು. ಗಾಯ ತೋರಿಸುವುದು ಸುಲಭ. ಅಂಗಿ ಸರಿಸಿದರೆ ಆಯಿತು. ಎಲುಬಿನ ಚೂರು ಇನ್ನೂ ಹೊರಗೆ ಬರುತ್ತಿದ್ದರೆ ಅದೂ ಸಾಕ್ಷಿಯೇ. ಕಷ್ಟ ಇದ್ದದ್ದು ಎರಡನೆಯದರಲ್ಲಿ. ತನ್ನ ಕ್ಯಾಪ್ಟನ್ ಅಥವಾ ಮೇಲಿನ ಅಧಿಕಾರಿಯಿಂದ ಸರ್ಟಿಫಿಕೇಟ್ ತರಬೇಕು. ಇಂಥವನು ನನ್ನ ಕೈಕೆಳಗೆ ಇಷ್ಟು ದಿನ ಇದ್ದ, ಇಂಥ ಕಡೆ ಗಾಯಗೊಂಡ ಅಂತ. ಆ ಕ್ಯಾಪ್ಟನ್ ಅದೇ ಕದನದಲ್ಲಿ ಸತ್ತಿದ್ದರೆ? ಬದುಕಿದ್ದು ನೂರು ಮೈಲಿ ಆಚೆ ಇದ್ದರೆ? ಕುಂಟುವ ಕಾಲಿನಲ್ಲಿ ಅವನನ್ನು ಹುಡುಕಿಕೊಂಡು ಹೋಗಬೇಕು. ಸೈನ್ಯ ಚದುರಿಹೋಗಿದೆ, ಹಾಜರಿ ಪಟ್ಟಿಗಳು ಎಲ್ಲೋ ಕಳೆದಿವೆ. ಒಂದು ದಾಖಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಹೋಗಬೇಕಾದ ಕೌಂಟಿ ಯಾವುದು ಅನ್ನುವುದಕ್ಕೂ ನಿಯಮ ಇತ್ತು. ಒತ್ತಾಯದಿಂದ ಸೈನ್ಯಕ್ಕೆ ಎಳೆದುಕೊಂಡು ಹೋಗಿದ್ದರೆ, ಎಳೆದ ಕೌಂಟಿಯೇ ಕೊಡಬೇಕು. ಹಾಗಲ್ಲದಿದ್ದರೆ ಹುಟ್ಟಿದ ಕೌಂಟಿ, ಇಲ್ಲವೇ ಮೂರು ವರ್ಷ ನೆಲೆಸಿದ್ದ ಕೌಂಟಿ. ಸುಳ್ಳು ಸರ್ಟಿಫಿಕೇಟ್ ತಂದು ಸಿಕ್ಕಿಬಿದ್ದರೆ ಪಿಂಚಣಿ ಹೋಗುವುದಷ್ಟೇ ಅಲ್ಲ, ಪುಂಡ ಪೋಕರಿಗಳಿಗೆ ಕೊಡುವ ಶಿಕ್ಷೆಯೂ ಉಂಟು. ಪಿಂಚಣಿ ತೆಗೆದುಕೊಂಡು ಭಿಕ್ಷೆ ಬೇಡಿದರೂ ಅದೇ ಶಿಕ್ಷೆ. 60 ದಿನದ ಸಂಬಳ ಕೊಟ್ಟು, ಉಳಿದದ್ದಕ್ಕೆ ಕೈ ಚಾಚಬೇಡ ಅನ್ನುವುದು ನನಗೆ ಈಗಲೂ ಅನ್ಯಾಯ ಅಂತಲೇ ಅನಿಸುತ್ತದೆ.

ಎಲ್ಲರಿಗೂ ವರ್ಷ ವರ್ಷ ಬರುವ ಪಿಂಚಣಿ ಸಿಗುತ್ತಿರಲಿಲ್ಲ. ಬಹಳ ಜನಕ್ಕೆ 10 ಷಿಲಿಂಗೋ 20 ಷಿಲಿಂಗೋ ಒಂದೇ ಸಲ ಕೈಗಿಟ್ಟು ಕಳಿಸುತ್ತಿದ್ದರು. ಮುಗಿದ ಮೇಲೆ ಅವನು ಮತ್ತೆ ಮುಂದಿನ ಸೆಷನ್ಸ್‌ಗೆ ಬರುತ್ತಿದ್ದ. ಪಟ್ಟಿ ತುಂಬಿದ್ದರೆ ಕಾಯಬೇಕು. ಪಟ್ಟಿಯಲ್ಲಿ ಇರುವ ಯಾರಾದರೂ ಸತ್ತಾಗ ಆ ಜಾಗ ನಿನಗೆ ಅಂತ ಕೋರ್ಟು ಬರೆದುಕೊಡುತ್ತಿತ್ತು. ಇನ್ನೊಬ್ಬ ಗಾಯಾಳುವಿನ ಸಾವಿಗೆ ಕಾಯುವ ಸ್ಥಿತಿ ಅದು.

ಆ ಅರ್ಜಿಗಳ ಭಾಷೆಯ ಬಗ್ಗೆಯೂ ಹೇಳಬೇಕು. ಬರೆದವನು ಗುಮಾಸ್ತ ಅಥವಾ ಊರಿನಲ್ಲಿ ಅಕ್ಷರ ಬಲ್ಲವನೊಬ್ಬ. ಏನು ಬರೆದರೆ ಕೆಲಸ ಆಗುತ್ತದೆ ಅಂತ ಅವನಿಗೆ ಗೊತ್ತು. ಹಾಗಾಗಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಾಣುವ ಮಾತುಗಳು. ಇದೆಲ್ಲ ಬರೀ ರೂಢಿಯ ಮಾತು ಅಂತ ಕೆಲವರು ತಳ್ಳಿಹಾಕಬಹುದು. ನನಗೆ ಹಾಗೆ ಅನಿಸಿಲ್ಲ. ಆ ಸಾಲುಗಳ ನಡುವೆ ಗುಮಾಸ್ತ ಹುಟ್ಟಿಸಲಾರದ ವಿವರಗಳು ಬರುತ್ತವೆ. ಗುಂಡು ಇನ್ನೂ ದೇಹದಲ್ಲೇ ಇದೆ, ತೆಗೆಯಲು ಆಗಿಲ್ಲ ಅನ್ನುವವರು. ಚಿಕಿತ್ಸೆಗೆ ಮಾಡಿದ ಸಾಲ ಇನ್ನೂ ತೀರಿಲ್ಲ ಅನ್ನುವವರು. ತನ್ನನ್ನು ಸೆರೆ ಹಿಡಿದು ಕೂಡಿ ಹಾಕಿದ ಜೈಲಿನ ಹೆಸರು ಹೇಳುವವರು. ಮನೆಯಲ್ಲಿ ಎಷ್ಟು ಚಿಕ್ಕ ಮಕ್ಕಳಿವೆ ಅಂತ ಎಣಿಸುವವರು. ಕದನದ ಬಗ್ಗೆ ದಂಡನಾಯಕರು ಬರೆದದ್ದು ಬೇಕಾದಷ್ಟಿದೆ. ಕಾಲಾಳುವಿನ ಬಾಯಿಂದ ಬಂದದ್ದು ಉಳಿದಿರುವುದು ಹೆಚ್ಚಾಗಿ ಇಂಥ ಕಡೆ ಮಾತ್ರ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳ ಇತಿಹಾಸಕಾರರು 2017ರಿಂದ ಈ ಅರ್ಜಿಗಳ ಫೋಟೋ ತೆಗೆದು, ಅಕ್ಷರಕ್ಕೆ ಅಕ್ಷರ ಬಿಡಿಸಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಹಾಗಾಗಿ ಇಲ್ಲಿ ಕೂತು ನಾವೂ ಓದಬಹುದು.

ಈಗ ಒಂದು ಹಳ್ಳಿಯನ್ನು ಊಹಿಸಿಕೊಳ್ಳೋಣ. ಇದು ನಾನು ಕಟ್ಟಿದ ಉದಾಹರಣೆ, ಆದರೆ ಇಂಥವರು ಬೇಕಾದಷ್ಟು ಜನ ಇದ್ದರು. ಆ ಹಳ್ಳಿಯಲ್ಲಿ ಒಬ್ಬ ನೇಕಾರ, ಒಬ್ಬ ಹೊಲದ ಕೂಲಿಯವನು. ನೇಕಾರ ಪಾರ್ಲಿಮೆಂಟ್ ಕಡೆ ಹೋದ, ಕೂಲಿಯವನು ರಾಜನ ಕಡೆ. ಇಬ್ಬರೂ ನೇಸ್‌ಬಿಯಲ್ಲಿ ಇದ್ದರು. ಇಬ್ಬರಿಗೂ ಬಲಗೈಗೆ ಗುಂಡು ಬಿತ್ತು. ಬದುಕಿ ಊರಿಗೆ ಬಂದರು. ನೇಕಾರ ಮಗ್ಗದ ಲಾಳಿ ಎಸೆಯಲಾರ. ಕೂಲಿಯವನು ಕುಡುಗೋಲು ಹಿಡಿಯಲಾರ.

1647ರ ನಂತರ ನೇಕಾರನಿಗೆ ವರ್ಷಕ್ಕೆ 2 ಪೌಂಡ್ ಸಿಗಲು ಶುರುವಾಯಿತು. ಕೂಲಿಯವನು ಅರ್ಜಿ ಹಾಕುವ ಹಾಗೇ ಇಲ್ಲ. ಅವನು ಸೋತ ಕಡೆಯವನು. ಊರಿನ ಬಡವರ ನಿಧಿಯಿಂದ ಏನಾದರೂ ಕೊಟ್ಟರೆ ಅದನ್ನು ಬರೀ ಬಡವನಾಗಿ ತೆಗೆದುಕೊಳ್ಳಬೇಕು, ಸಿಪಾಯಿಯಾಗಿ ಅಲ್ಲ. ಆ ನಿಧಿ ನೋಡಿಕೊಳ್ಳುವವರು ಪಾರ್ಲಿಮೆಂಟಿನ ಪರ ಇದ್ದವರಾದರೆ ಅದೂ ಅನುಮಾನ. ಇದರ ಜೊತೆಗೆ, ಇವನೂ ಊರಿನ ಪ್ರಜೆ. ನೇಕಾರನ ಪಿಂಚಣಿಗೆ ಊರು ಕಟ್ಟುವ ಹಣದಲ್ಲಿ ಇವನ ಅಣ್ಣತಮ್ಮಂದಿರ ಪಾಲೂ ಇತ್ತು. ತಮ್ಮವನ ಕೈಗೆ ಗುಂಡು ಹೊಡೆದ ಸೈನ್ಯದವನಿಗೆ ತಾವೇ ದುಡ್ಡು ಕಟ್ಟಬೇಕು. 13 ವರ್ಷ ಹೀಗೆ ನಡೆಯಿತು.

1660ರ ಮೇ ತಿಂಗಳಲ್ಲಿ, ತಲೆ ಕಡಿದಿದ್ದ ರಾಜನ ಮಗ ಎರಡನೇ ಚಾರ್ಲ್ಸ್ ವಾಪಸ್ ಬಂದ. ರಾಜತನ ಮತ್ತೆ ಬಂತು. ಸವೋಯ್ ಮತ್ತು ಈಲಿ ಹೌಸ್‌ನಲ್ಲಿದ್ದ ಸಿಪಾಯಿಗಳಿಗೆ ಸ್ವಲ್ಪ ಹಣ ಕೊಟ್ಟು ಅವರವರ ಊರಿಗೆ ಸಾಗಹಾಕಿದರು. ಕೌಂಟಿಗಳ ಪಿಂಚಣಿ ಪಟ್ಟಿಯಿಂದ ಪಾರ್ಲಿಮೆಂಟ್ ಕಡೆಯವರ ಹೆಸರು ಕಳಚಿಕೊಂಡವು. ನಮ್ಮ ನೇಕಾರನ ಕೈ ಇನ್ನೂ ಹಾಗೇ ಇದೆ. ನಿನ್ನೆ ತನಕ ದೇಶಸೇವೆಯಾಗಿದ್ದದ್ದು ಈಗ ದಂಗೆಯಾಯಿತು. ಇವನಿಗೆ ಉಳಿದದ್ದು ಬಡವರ ನಿಧಿ.

ಅದೇ ವರ್ಷ ಬಂದ ಇನ್ನೊಂದು ಕಾಯಿದೆ ಎಲ್ಲರೂ ಹಿಂದಿನದನ್ನು ಮರೆತುಬಿಡಬೇಕು ಅಂದಿತು. ರಾಜನ ಕೊಲೆಯಲ್ಲಿ ನೇರ ಕೈ ಇದ್ದ ಕೆಲವರನ್ನು ಬಿಟ್ಟು ಉಳಿದವರಿಗೆಲ್ಲ ಕ್ಷಮೆ. ಹಳೆಯ ಜಗಳದ ಹೆಸರಿನಲ್ಲಿ ಯಾರನ್ನಾದರೂ ಹಂಗಿಸಿದರೆ ದಂಡ, ಮೂರು ವರ್ಷದ ತನಕ. ದೊಡ್ಡ ಮನೆತನದವನಿಗೆ 10 ಪೌಂಡ್, ಸಾಮಾನ್ಯನಿಗೆ 40 ಷಿಲಿಂಗ್. 40 ಷಿಲಿಂಗ್ ಅಂದರೆ 2 ಪೌಂಡ್, ಒಬ್ಬ ಗಾಯಾಳುವಿನ ಒಂದು ವರ್ಷದ ಪಿಂಚಣಿ! ಮರೆಯಿರಿ ಅಂತ ಹೇಳಿದ ಅದೇ ರಾಜನ ಆಳ್ವಿಕೆಯಲ್ಲಿ, 1662ರಲ್ಲಿ, ರಾಜನಿಗಾಗಿ ಹೋರಾಡಿ ಊನವಾದ ಬಡ ಸಿಪಾಯಿಗಳಿಗೆ ಪಿಂಚಣಿ ಕೊಡುವ ಕಾಯಿದೆ ಬಂತು. ಅದರ ಪ್ರಕಾರ ಅರ್ಜಿ ಹಾಕಬೇಕಾದರೆ ಎಲ್ಲವನ್ನೂ ನೆನಪಿಸಿಕೊಳ್ಳಬೇಕು. ಯಾವ ಕದನ, ಯಾವ ದಂಡು, ಯಾರ ವಿರುದ್ಧ, ಎಲ್ಲಾ. ಮರೆಯುವುದೂ ಕಾಯಿದೆ, ನೆನೆಯುವುದೂ ಕಾಯಿದೆ. ಕೋರ್ಟಿನಲ್ಲಿ ಜೋರಾಗಿ ಓದಿದ ಅರ್ಜಿ ಊರಿಗೆ ತಲುಪದೆ ಇರುತ್ತದೆಯೇ?

ಈಗ ಕೂಲಿಯವನ ಸರದಿ. ಗುಂಡು ಬಿದ್ದು 17 ವರ್ಷ ಕಳೆದಿದೆ. ಸರ್ಟಿಫಿಕೇಟ್ ಕೊಡಬೇಕಾದ ಕ್ಯಾಪ್ಟನ್ ಬದುಕಿದ್ದಾನೋ, ದೇಶ ಬಿಟ್ಟು ಹೋದನೋ. ಇದ್ದರೂ ನೂರಾರು ಸಿಪಾಯಿಗಳಲ್ಲಿ ಇವನ ಮುಖ ನೆನಪಿದೆಯೋ. ಅದರ ಮೇಲೆ ಇನ್ನೊಂದು ಪರೀಕ್ಷೆ. ರಾಜನ ಕಡೆ ಹೋರಾಡಿದ್ದರೆ ಸಾಲದು, ಕೊನೆಯ ತನಕ ನಿಷ್ಠನಾಗಿ ಇದ್ದಿರಬೇಕು. ನಡುವೆ ಪಾರ್ಲಿಮೆಂಟ್ ಕಡೆ ಸೇರಿರಬಾರದು. ಇದು ಬಹಳ ಜನರಿಗೆ ಕಷ್ಟದ ಮಾತು. ಆ ಯುದ್ಧದಲ್ಲಿ ಸೆರೆ ಸಿಕ್ಕ ಕಾಲಾಳುಗಳು ಗೆದ್ದವರ ಸೈನ್ಯಕ್ಕೇ ಸೇರಿಕೊಳ್ಳುವುದು ತೀರ ಸಾಮಾನ್ಯ. ಜೈಲಿನಲ್ಲಿ ಕೊಳೆಯುವುದೋ, ಎದುರಾಳಿ ಸೈನ್ಯದಲ್ಲಿ ಊಟ ಮಾಡುವುದೋ ಅಂದರೆ ಯಾರಾದರೂ ಏನು ಮಾಡುತ್ತಾರೆ? ಇಂಥವರ ಅರ್ಜಿಗಳಲ್ಲಿ ಕೆಲವು ವರ್ಷಗಳು ಹಾಗೇ ಮೌನವಾಗಿ ದಾಟಿಹೋಗುತ್ತವೆ. ಆ ಮೌನವನ್ನು ನಾನು ಸುಳ್ಳು ಅನ್ನಲಾರೆ.

ಅಧಿಕಾರಿಗಳ ಕತೆ ಬೇರೆ ದಾರಿ ಹಿಡಿಯಿತು. ರಾಜನ ಕಡೆ ಸೇವೆ ಮಾಡಿ ಬಡವರಾದ ಅಧಿಕಾರಿಗಳಿಗೆ ಅಂತಲೇ ಈಗ ರಾಜನ ಪರವಾಗಿದ್ದ ಹೊಸ ಪಾರ್ಲಿಮೆಂಟ್ 60 ಸಾವಿರ ಪೌಂಡ್ ತೆಗೆದಿಟ್ಟಿತು. 1663ರಲ್ಲಿ ಅವರ ಪಟ್ಟಿ ಅಚ್ಚಾಯಿತು, ಅದರಲ್ಲಿ 5 ಸಾವಿರಕ್ಕೂ ಮೇಲೆ ಹೆಸರುಗಳು. ಹಂಚಿದರೆ ತಲೆಗೆ ಸರಾಸರಿ 12 ಪೌಂಡ್ ಕೂಡ ಬರುವುದಿಲ್ಲ. ಅವರಿಗೂ ಸಿಟ್ಟು ಬಂದಿತ್ತು. ಆಸ್ತಿ ಕಳಕೊಂಡ ನಮಗೆ ಇಷ್ಟೇನಾ ಅಂತ.

ವಿಧವೆಯರಿಗೆ ಬಂದ ಏಟು ಇನ್ನೂ ದೊಡ್ಡದು. 1662ರ ಕಾಯಿದೆ ಮಾತಾಡಿದ್ದು ಊನವಾದ ಗಂಡಸರ ಬಗ್ಗೆ. 1642ರಲ್ಲಿ ಪಾರ್ಲಿಮೆಂಟ್ ವಿಧವೆಯರಿಗೆ ಕೊಟ್ಟ ಮಾತನ್ನು ಹೊಸ ಸರ್ಕಾರ ಮುಂದುವರಿಸಲಿಲ್ಲ. ರಾಜನಿಗಾಗಿ ಸತ್ತವನ ಹೆಂಡತಿ ಕೂಡ ನ್ಯಾಯಾಧಿಕಾರಿಗಳ ಮರ್ಜಿಯನ್ನೇ ನಂಬಬೇಕಾಯಿತು. ಆದರೂ ಅವರು ಅರ್ಜಿ ಹಾಕುವುದನ್ನು ಬಿಡಲಿಲ್ಲ.

ಇನ್ನು ಮುದಿತನ. ಇದು ಮುಖ್ಯ, ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. 25ನೇ ವಯಸ್ಸಿನಲ್ಲಿ ಗುಂಡು ತಿಂದವನು ಅಂಥ ಗಾಯದ ಜೊತೆಗೇ ಹೇಗೋ ದುಡಿಯುತ್ತಿರುತ್ತಾನೆ. ಇನ್ನೊಂದು ಕೈ ಗಟ್ಟಿಯಿದೆ, ಹೆಂಡತಿ ನೂಲು ತೆಗೆಯುತ್ತಾಳೆ, ದೊಡ್ಡ ಮಗ ಕೂಲಿಗೆ ಹೋಗುತ್ತಾನೆ. ಮಾನ ಬಿಟ್ಟು ಕೋರ್ಟಿಗೆ ಹೋಗಿ ಕೈ ಚಾಚುವುದು ಬೇಡ ಅನಿಸುತ್ತದೆ. 55 ದಾಟಿದ ಮೇಲೆ ಲೆಕ್ಕ ತಪ್ಪುತ್ತದೆ. ಒಣಗಿದ ಗಾಯ ಚಳಿಗಾಲದಲ್ಲಿ ಮತ್ತೆ ಬಾಯಿ ಬಿಡುತ್ತದೆ. ಗಟ್ಟಿಯಿದ್ದ ಕೈಗೂ ಕೀಲುನೋವು. 1670ರ ದಶಕದ ಅರ್ಜಿಗಳಲ್ಲಿ ಈ ದನಿ ಮತ್ತೆ ಮತ್ತೆ ಕೇಳುತ್ತದೆ. ಇಷ್ಟು ದಿನ ಯಾರಿಗೂ ಹೊರೆಯಾಗದೆ ಬದುಕಿದೆ, ಈಗ ವಯಸ್ಸಾಯಿತು, ಹಳೆಯ ಗಾಯಗಳು ಕಾಡುತ್ತಿವೆ, ಆಗುತ್ತಿಲ್ಲ. ಯುದ್ಧ ಮುಗಿದು 30 ವರ್ಷ ಆದ ಮೇಲೆ ಬಂದ ಅರ್ಜಿ ನೋಡಿ, ಇಷ್ಟು ವರ್ಷ ಎಲ್ಲಿದ್ದೆ ಅಂತ ನ್ಯಾಯಾಧಿಕಾರಿ ಕೇಳುವುದು ಸಹಜ. ಉತ್ತರ ಅರ್ಜಿಯಲ್ಲೇ ಇದೆ. ಇಷ್ಟು ವರ್ಷ ದುಡಿಯುತ್ತಿದ್ದೆ.

ಗಾಯ ಎಲ್ಲಿ ಮುಗಿಯುತ್ತದೆ, ಮುಪ್ಪು ಎಲ್ಲಿ ಶುರುವಾಗುತ್ತದೆ ಅಂತ ಹೇಳಲು ಯಾವ ವೈದ್ಯನಿಂದಲೂ ಆಗುತ್ತಿರಲಿಲ್ಲ. ಕಾಯಿದೆಗೆ ಆ ಗೆರೆ ಬೇಕಿತ್ತು. ಮುಪ್ಪಿಗೆ ಕೊಡುವುದು ಊರಿನ ಬಡವರ ನಿಧಿ, ಗಾಯಕ್ಕೆ ಕೊಡುವುದು ಕೌಂಟಿಯ ಪಿಂಚಣಿ. ಎರಡು ಪೆಟ್ಟಿಗೆ, ಎರಡು ಲೆಕ್ಕ. ಸಿಪಾಯಿಗೆ ಪಿಂಚಣಿಯೇ ಯಾಕೆ ಬೇಕಿತ್ತು ಅಂದರೆ ಬರೀ ದುಡ್ಡಿಗಾಗಿ ಅಲ್ಲ ಅಂತ ನನಗೆ ಅನಿಸುತ್ತದೆ. ಬಡವರ ನಿಧಿಯಿಂದ ಬಂದದ್ದು ದಾನ. ಕೌಂಟಿಯಿಂದ ಬಂದದ್ದು ತಾನು ಕೊಟ್ಟದ್ದಕ್ಕೆ ಪ್ರತಿಯಾಗಿ ಬಂದದ್ದು.

1662ರ ಕಾಯಿದೆಯ ಅವಧಿ 1679ಕ್ಕೆ ಮುಗಿಯಿತು. ಮತ್ತೆ ಎಲಿಜಬೆತ್ ಕಾಲದ ಹಳೆಯ ಕಾಯಿದೆಯೇ ಗತಿ. ಪಟ್ಟಿಯಲ್ಲಿ ಇದ್ದವರಿಗೆ ಹಲವು ಕೌಂಟಿಗಳು ಕೊಡುವುದನ್ನು ಮುಂದುವರಿಸಿದವು. ಆ ಹೊತ್ತಿಗೆ ಬೇರೆ ಕಡೆ ಬೇರೆ ರೀತಿ ಯೋಚಿಸಲು ಶುರು ಮಾಡಿದ್ದರು. ಫ್ರಾನ್ಸ್‌ನ ಹದಿನಾಲ್ಕನೇ ಲೂಯಿ 1670ರಲ್ಲೇ ಪ್ಯಾರಿಸ್‌ನಲ್ಲಿ ಊನವಾದ ಸಿಪಾಯಿಗಳಿಗೆ ದೊಡ್ಡ ಆಶ್ರಯ ಕಟ್ಟಲು ಆಜ್ಞೆ ಮಾಡಿದ್ದ. ಡಬ್ಲಿನ್ ಹತ್ತಿರದ ಕಿಲ್‌ಮೇನ್‌ಹ್ಯಾಮ್‌ನಲ್ಲಿ 1680ರಲ್ಲಿ ಒಂದು ಶುರುವಾಯಿತು. 1682ರಲ್ಲಿ ಎರಡನೇ ಚಾರ್ಲ್ಸ್ ಲಂಡನ್ನಿನ ಚೆಲ್ಸಿಯಲ್ಲಿ ರಾಯಲ್ ಹಾಸ್ಪಿಟಲ್ ಎಂಬ ಇಂಥದ್ದೇ ಆಶ್ರಯಕ್ಕೆ ಅಡಿಗಲ್ಲು ಹಾಕಿಸಿದ. ಕ್ರಿಸ್ಟಫರ್ ರೆನ್ ನಕ್ಷೆ ಮಾಡಿದ. ಮೊದಲ ಸಿಪಾಯಿಗಳು ಒಳಗೆ ಬಂದದ್ದು 1692ರಲ್ಲಿ. ಅಷ್ಟು ಹೊತ್ತಿಗೆ ನೇಸ್‌ಬಿ ಕಂಡವರು ಬಹುಪಾಲು ಮಣ್ಣು ಸೇರಿದ್ದರು. ಆ ಮನೆ ಕಟ್ಟಿದ್ದು ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡ ಹೊಸ ಕಾಯಂ ಸೈನ್ಯಕ್ಕಾಗಿ.

ಆ ಚೆಲ್ಸಿಯ ಸ್ಮಶಾನದಲ್ಲಿ ಒಂದು ಗೋರಿಯಿದೆ. ವಿಲಿಯಂ ಹೈಸ್‌ಲ್ಯಾಂಡ್ ಎಂಬ ಸಿಪಾಯಿಯದು. 1620ರಲ್ಲಿ ಹುಟ್ಟಿ 1732ರಲ್ಲಿ ಸತ್ತ, ಬದುಕಿದ್ದು 112 ವರ್ಷ ಅಂತ ಕಲ್ಲಿನಲ್ಲಿ ಕೆತ್ತಿದೆ. ಎಜ್‌ಹಿಲ್‌ನಲ್ಲಿ ಹೋರಾಡಿದವರಲ್ಲಿ ಕೊನೆಗೆ ಉಳಿದವನು ಇವನೇ ಅಂತ ಹೇಳುತ್ತಾರೆ. ನೂರು ದಾಟಿದ ಮೇಲೆ ಮದುವೆಯಾದ ಅಂತಲೂ ಕಲ್ಲು ಹೇಳುತ್ತದೆ. ಆ ವಯಸ್ಸನ್ನು ಇವತ್ತು ಯಾರೂ ಸುಲಭಕ್ಕೆ ನಂಬುವುದಿಲ್ಲ. ನನ್ನ ಕಣ್ಣು ನಿಂತದ್ದು ಅದೇ ಕಲ್ಲಿನ ಇನ್ನೊಂದು ಸಾಲಿನ ಮೇಲೆ. ಒಳಗಿನ ಯುದ್ಧ, ಹೊರಗಿನ ಯುದ್ಧ ಎರಡರಲ್ಲೂ ಹೋರಾಡಿದ, ಆದರೆ ಯಾವುದೂ ಇವನನ್ನು ಊನ ಮಾಡಲಿಲ್ಲ, ಸವೆಸಲೂ ಇಲ್ಲ ಅಂತ ಅದರಲ್ಲಿದೆ.

ಊನವಾದವರು, ಸವೆದವರು ಇರುವುದು ಕೌಂಟಿ ಖಜಾಂಚಿಯ ಲೆಕ್ಕದ ಹಾಳೆಗಳಲ್ಲಿ. ಹೆಸರು, ಊರು, ಮೂರು ತಿಂಗಳಿಗೆ ಹತ್ತು ಷಿಲಿಂಗ್. ಒಂದು ವರ್ಷ ಆ ಹೆಸರು ಕಾಣುವುದಿಲ್ಲ, ಅದೇ ಜಾಗದಲ್ಲಿ ಕಾಯುತ್ತಿದ್ದ ಇನ್ನೊಬ್ಬನ ಹೆಸರು ಬಂದಿರುತ್ತದೆ.